ಸೆರೆಮನೆಗೆ ಸಿದ್ಧಳಾದ ರುಖ್ಮಾಬಾಯಿ

ಡಾಕ್ಟರ್ ರುಖ್ಮಾಬಾಯಿಯವರನ್ನು ನಮ್ಮ ದೇಶದ ಮೊದಮೊದಲ ಮಹಿಳಾ ವೈದ್ಯರಲ್ಲಿ ಒಬ್ಬರೆಂದು ಎಲ್ಲರೂ ನೆನೆಯುತ್ತಾರೆ. ನನಗಾದರೋ, ನ್ಯಾಯಾಲಯದೆದುರು ನಿಂತ ಇಪ್ಪತ್ತೆರಡರ ತರುಣಿಯಾಗಿಯೇ ಅವರು ಹೆಚ್ಚು ದೊಡ್ಡವರಾಗಿ ಕಾಣುತ್ತಾರೆ.

1864ರಲ್ಲಿ ಮುಂಬಯಿಯಲ್ಲಿ ಜನಿಸಿದ ಅವರಿಗೆ ಹನ್ನೊಂದರ ವಯಸ್ಸಿನಲ್ಲಿ ದಾದಾಜಿ ಭಿಕಾಜಿಯೊಡನೆ ವಿವಾಹವಾಯಿತು. ಆದರೆ ಅವರು ಗಂಡನ ಮನೆಗೆ ಹೋಗದೆ, ಮಲತಂದೆ ಡಾಕ್ಟರ್ ಸಖಾರಾಮ್ ಅರ್ಜುನರ ಆಶ್ರಯದಲ್ಲಿ ಓದುತ್ತ ಬೆಳೆದರು. 1884ರಲ್ಲಿ ದಾದಾಜಿಯು ಹೆಂಡತಿಯನ್ನು ತನ್ನ ಮನೆಗೆ ಕಳುಹಿಸಿಕೊಡಬೇಕೆಂದು ಮುಂಬಯಿ ಹೈಕೋರ್ಟಿನಲ್ಲಿ ದಾವೆ ಹೂಡಿದನು. ಬಾಲ್ಯದಲ್ಲಿ ನಡೆದ, ಸಹಜೀವನವೇ ಆರಂಭವಾಗದ ಮದುವೆಯ ಹೆಸರಿನಲ್ಲಿ ತರುಣಿಯೊಬ್ಬಳನ್ನು ಬಲವಂತಪಡಿಸಲಾಗದೆಂದು ನ್ಯಾಯಮೂರ್ತಿ ಪಿನ್ಹೇ 1885ರಲ್ಲಿ ದಾವೆಯನ್ನು ವಜಾ ಮಾಡಿದರು. ಮರುವರ್ಷ ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. 1887ರ ಮಾರ್ಚಿಯಲ್ಲಿ ನ್ಯಾಯಮೂರ್ತಿ ಫ್ಯಾರನ್ ಅವರ ಆಜ್ಞೆ ಹೊರಟಿತು: ಗಂಡನ ಮನೆಗೆ ಹೋಗಬೇಕು, ಮೀರಿದರೆ ಆರು ತಿಂಗಳವರೆಗೆ ಸೆರೆವಾಸ. ರುಖ್ಮಾಬಾಯಿ ಸೆರೆಮನೆಗೇ ಸಿದ್ಧರಾದರು.

ದಂಡಿಸುವ ಮುನ್ನ ದಂಡನೆಗೊಳಗಾಗುವವರ ಅಹವಾಲನ್ನು ಕೇಳಬೇಕೆಂಬುದು ನ್ಯಾಯದ ಮೊದಲ ಪಾಠ. ಈ ಮೊಕದ್ದಮೆಯಲ್ಲಿ ವಕೀಲರಿದ್ದರು, ವಾದ ನಡೆಯಿತು, ಮೇಲ್ಮನವಿಯೂ ಆಯಿತು. ಆದರೆ ಹನ್ನೊಂದು ವರ್ಷದ ಹುಡುಗಿಯ ಒಪ್ಪಿಗೆಯನ್ನು ಯಾರಾದರೂ ಪಡೆದಿದ್ದರೇ ಎಂಬ ಒಂದೇ ಮಾತನ್ನು ಕೇಳಲು ಆ ಕಾನೂನಿಗೆ ಕಿವಿಯಿರಲಿಲ್ಲ. ವಿಚಾರಣೆಯ ವಿಧಿಗಳು ನಡೆದಮಾತ್ರಕ್ಕೆ ವಿಚಾರಣೆ ನಡೆದಂತಾಗದು ಎಂದು ನಾನು ಭಾವಿಸುವುದು ಇದರಿಂದಲೇ. ಈ ದಾವೆಯ ಪದ್ಧತಿಯಾದರೂ ಹಿಂದೂ ಧರ್ಮಶಾಸ್ತ್ರದ್ದಲ್ಲ. ಇಂಗ್ಲೆಂಡಿನ ಚರ್ಚಿನ ನ್ಯಾಯಾಲಯಗಳಿಂದ ಬಂದದ್ದು. ಅಲ್ಲಿಯೇ 1884ರಲ್ಲಿ ಸೆರೆವಾಸದ ಶಿಕ್ಷೆಯನ್ನು ತೆಗೆದುಹಾಕಿದ್ದರು!

1888ರಲ್ಲಿ ಎರಡು ಸಾವಿರ ರೂಪಾಯಿಗಳನ್ನು ಪಡೆದು ದಾದಾಜಿ ರಾಜಿಯಾದನು. ಸೆರೆವಾಸ ತಪ್ಪಿತು. ರುಖ್ಮಾಬಾಯಿ ಲಂಡನ್ನಿಗೆ ತೆರಳಿ, 1894ರಲ್ಲಿ ವೈದ್ಯಪದವಿ ಪಡೆದು, ಸೂರತ್ ಹಾಗೂ ರಾಜಕೋಟೆಗಳಲ್ಲಿ ದಶಕಗಳ ಕಾಲ ಸ್ತ್ರೀಯರ ಸೇವೆ ಮಾಡಿದರು. ಇಂಥ ಆಜ್ಞೆ ಮೀರಿದವರನ್ನು ಸೆರೆಗೆ ಕಳುಹಿಸುವ ಅಧಿಕಾರವನ್ನು ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದ ತೆಗೆದುಹಾಕಿದ್ದು 1923ರಲ್ಲಿ. ಆಸ್ತಿಯ ಜಪ್ತಿ ಮಾತ್ರ ಉಳಿಯಿತು.

ರುಖ್ಮಾಬಾಯಿ ತೀರಿಕೊಂಡದ್ದು 1955ರ ಸೆಪ್ಟೆಂಬರಿನಲ್ಲಿ. ಅದೇ ವರ್ಷ ಜಾರಿಗೆ ಬಂದ ಹಿಂದೂ ವಿವಾಹ ಕಾಯಿದೆಯು ವಿಚ್ಛೇದನಕ್ಕೆ ಬಾಗಿಲು ತೆರೆಯಿತು. ದಾದಾಜಿ ಹೂಡಿದಂಥ ದಾವೆಗೂ ತನ್ನ ಒಂಬತ್ತನೆಯ ಕಲಮಿನಲ್ಲಿ ಎಡೆಮಾಡಿಕೊಟ್ಟಿತು. ಒಬ್ಬ ತರುಣಿ ಎತ್ತಿದ ಪ್ರಶ್ನೆ, ಆಕೆ ತೊಂಬತ್ತು ವರ್ಷ ಬಾಳಿದ ಮೇಲೂ, ಪೂರ್ತಿ ಉತ್ತರ ಪಡೆಯದೆ ಉಳಿಯಿತು.