ಹಿಮದ ನಾಡಿನ ನಿತ್ಯನೇಮಿ



ನೇಮ ಹಿಡಿಯುವುದು ಸುಲಭ, ನಡೆಸುವುದು ಕಷ್ಟ. ಇದು ಹಿರಿಯರೆಲ್ಲರೂ ಬಲ್ಲ ಮಾತು. ಮನೆ ತುಂಬಿದ್ದಾಗ, ಮೈ ಗಟ್ಟಿಯಿದ್ದಾಗ ಯಾರ ನೇಮವೂ ತಪ್ಪುವುದಿಲ್ಲ. ಮನೆಯಲ್ಲಿ ಸಾವಾದ ದಿನ, ಬೆಳೆ ಕೈಕೊಟ್ಟ ದಿನ, ಒಡಹುಟ್ಟಿದವರೊಡನೆ ಪಾಲಿಗಾಗಿ ಕಟ್ಟೆ ಹತ್ತಿದ ದಿನ ಅದು ಉಳಿದೀತೆ? ಉಳಿದರೂ ಅದರಿಂದ ದುಃಖ ಕರಗೀತೆ? ಜಪಾನ್ ದೇಶದ ಒಬ್ಬ ಕವಿಯ ಬಾಳನ್ನು ನೋಡಿದಾಗಲೆಲ್ಲ ನಮಗೆ ಈ ಎರಡು ಪ್ರಶ್ನೆಗಳು ಏಳುತ್ತವೆ. ಆತನ ಹೆಸರು ಕೊಬಯಾಶಿ ಇಸ್ಸ. ಕಾಲ 1763ರಿಂದ 1828. ಆತನ ನೇಮವಾದರೂ ಏನು? ಬೆಳಗಾದರೆ ಆ ದಿನದ ಋತುವನ್ನು ಕಣ್ಣಿಟ್ಟು ನೋಡುವುದು, ನೋಡಿದ್ದನ್ನು ಪುಟ್ಟ ಪದ್ಯವಾಗಿ ಬರೆದಿಡುವುದು. ಇಷ್ಟೇ.

ಆ ಪದ್ಯ ನಿಜಕ್ಕೂ ಪುಟ್ಟದು. ಐದು, ಏಳು, ಮತ್ತೆ ಐದು, ಹೀಗೆ ಒಟ್ಟು 17 ಧ್ವನಿಮಾತ್ರೆಗಳಲ್ಲಿ ಮುಗಿಯುತ್ತದೆ. ಇಂದು ಲೋಕವೆಲ್ಲ ಅದನ್ನು ಹೈಕು ಎನ್ನುತ್ತದೆ. ಅದರಲ್ಲಿ ಋತುವನ್ನು ಸೂಚಿಸುವ ಒಂದು ಪದ ಇರಲೇಬೇಕೆಂಬುದು ಸಂಪ್ರದಾಯದ ಕಟ್ಟಳೆ. ಕಪ್ಪೆ ಎಂದರೆ ವಸಂತ, ಮಿಣುಕುಹುಳು ಎಂದರೆ ಬೇಸಿಗೆ, ಇಬ್ಬನಿ ಎಂದರೆ ಶರತ್ಕಾಲ. ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರಿದ್ರೆ ಎಂದರೆ ಸಾಕು, ಮೋಡ ಹೇಗಿದೆ, ಹೊಲದಲ್ಲಿ ಏನು ನಡೆದಿದೆ ಎಂಬುದೆಲ್ಲ ಅವನ ಕಣ್ಣಿಗೆ ಕಟ್ಟುತ್ತದೆ. ನಾವು ಮಳೆ ನಕ್ಷತ್ರಗಳನ್ನು ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಎಣಿಸಿದರೆ, ಜಪಾನಿನ ಹಳೆಯ ಪಂಚಾಂಗದವರು ವರ್ಷವನ್ನು 24 ಪರ್ವಗಳಾಗಿ ಎಣಿಸುತ್ತಿದ್ದರು. ಮಣ್ಣನ್ನು ನಂಬಿ ಬದುಕಿದವರ ಲೆಕ್ಕ ಎಲ್ಲಿಯಾದರೂ ಒಂದೇ ಬಗೆಯದು.

ಇಸ್ಸನೂ ರೈತನ ಮಗನೇ. ಶಿನಾನೊ ಪ್ರಾಂತದ ಕಾಶಿವಬರ ಎಂಬ ಹಳ್ಳಿ ಅವನದು. ಬೆಟ್ಟದ ಸೀಮೆ, ಚಳಿಗಾಲದಲ್ಲಿ ಆಳೆತ್ತರದ ಹಿಮ ಬೀಳುವ ನೆಲ. ಮನೆಯವರು ಇಟ್ಟ ಹೆಸರು ಯತಾರೊ. ಮೂರನೆಯ ವರ್ಷದಲ್ಲಿ ತಾಯಿ ತೀರಿಕೊಂಡಳು. ಅಜ್ಜಿ ಎತ್ತಿ ಸಾಕಿದಳು. ಕೆಲವು ವರ್ಷಗಳ ಮೇಲೆ ತಂದೆ ಮತ್ತೊಂದು ಮದುವೆಯಾದ. 1772ರಲ್ಲಿ ಮಲತಮ್ಮ ಹುಟ್ಟಿದ. ಮಲತಾಯಿಯ ಕೈಯಲ್ಲಿ ಪಟ್ಟ ಪಾಡನ್ನು ಇಸ್ಸ ಮುಪ್ಪಿನವರೆಗೂ ಮರೆಯಲಿಲ್ಲ. ಮರೆಯಬೇಕಿತ್ತು ಎಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಅಜ್ಜಿ ಇರುವ ತನಕ ನೆರಳಿತ್ತು, ಅವಳು ಹೋದಮೇಲೆ ಅದೂ ಹೋಯಿತು. 1777ರಲ್ಲಿ ತಂದೆಯೇ ಮಗನನ್ನು ದೂರದ ಎದೊ ನಗರಕ್ಕೆ ದುಡಿಯಲು ಕಳಿಸಿದ. ಈಗಿನ ಟೋಕಿಯೊವೇ ಆಗಿನ ಎದೊ. ಹುಡುಗನಿಗೆ ಆಗ ಹದಿನಾಲ್ಕು. ತಂದೆ ದಾರಿಯಲ್ಲಿ ಕೆಲದೂರ ಜೊತೆ ಬಂದು, ಬೀಳ್ಕೊಟ್ಟು ಹಿಂದಿರುಗಿದನಂತೆ.

ಎದೊದಲ್ಲಿ ಆಳಾಗಿ ದುಡಿದು, ಇಪ್ಪತ್ತೈದರ ಸುಮಾರಿಗೆ ಅವನು ಕವಿಗಳ ಬಳಗ ಸೇರಿದ. 1792ರಿಂದ ಆರೇಳು ವರ್ಷ ಪಶ್ಚಿಮದ ಪ್ರಾಂತಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದ. ತಲೆ ಬೋಳಿಸಿಕೊಂಡ ಯಾತ್ರಿಕನ ವೇಷ. ಚಹದ ಮೇಲಿನ ನೊರೆಯಂತೆ ಅಳಿಯುವ ಬಾಳು ಎಂಬ ಭಾವದಿಂದ ಇಸ್ಸ ಎಂಬ ಕಾವ್ಯನಾಮ ಇಟ್ಟುಕೊಂಡ. ಅವನ ಮನೆತನ ಅಮಿತಾಭ ಬುದ್ಧನ ನಾಮಸ್ಮರಣೆಯನ್ನೇ ಸಾಧನೆಯೆಂದು ನಂಬಿದ ಪಂಥಕ್ಕೆ ಸೇರಿದ್ದು. ಆ ನಂಬಿಕೆಯನ್ನು ಅವನು ಕೊನೆತನಕ ಬಿಡಲಿಲ್ಲ.

1801ರಲ್ಲಿ ಊರಿಗೆ ಬಂದಾಗ ತಂದೆ ವಿಷಮಜ್ವರದಿಂದ ಹಾಸಿಗೆ ಹಿಡಿದ. ಮಗ ಸುಮಾರು ಒಂದು ತಿಂಗಳು ಹಗಲಿರುಳು ಶುಶ್ರೂಷೆ ಮಾಡಿದ. ರೋಗಿಗೆ ಮರಸೇಬು ತಿನ್ನುವ ಆಸೆ ಹುಟ್ಟಿತು. ಅದು ಆ ಹಣ್ಣಿನ ಕಾಲವಲ್ಲ. ಆದರೂ ಇಸ್ಸ ಹಲವು ಹರದಾರಿ ನಡೆದು ಝೆಂಕೊಜಿ ದೇವಾಲಯದ ಪೇಟೆಯನ್ನೆಲ್ಲ ತಡಕಿದ. ಒಂದೂ ಸಿಗಲಿಲ್ಲ, ಬರಿಗೈಯಲ್ಲಿ ಮರಳಿದ. ತಂದೆಯ ಆ ಕೊನೆಯ ದಿನಗಳನ್ನು ದಿನಚರಿಯಾಗಿ ಬರೆದಿಟ್ಟಿದ್ದಾನೆ. ದಿನಕ್ಕೆ ಎದುರಾಗಿ ಕುಳಿತು ಬರೆಯುವ ಅಭ್ಯಾಸದ ಬೇರು ಅಲ್ಲಿಯೇ ಆಳಕ್ಕೆ ಇಳಿಯಿತೆಂದು ನಮಗೆ ತೋರುತ್ತದೆ.

ಆಸ್ತಿಯನ್ನು ಇಬ್ಬರು ಮಕ್ಕಳೂ ಸಮನಾಗಿ ಹಂಚಿಕೊಳ್ಳಬೇಕೆಂದು ತಂದೆ ಹೇಳಿ ಹೋಗಿದ್ದ. ಮಲತಾಯಿಯೂ ಮಲತಮ್ಮನೂ ಒಪ್ಪಲಿಲ್ಲ. ಅವರ ಪಕ್ಷದಲ್ಲಿಯೂ ಮಾತಿತ್ತು: ಇಷ್ಟು ವರ್ಷ ಹೊಲದಲ್ಲಿ ಬೆವರು ಸುರಿಸಿದವರು ಅವರು, ಇಸ್ಸ ಊರೂರು ತಿರುಗಿದವನು. ವ್ಯಾಜ್ಯ ಹನ್ನೆರಡು ವರ್ಷ ನಡೆಯಿತು. ಲೋಕವೇ ನೊರೆಯೆಂದು ಹೆಸರಿಟ್ಟುಕೊಂಡವನು ಅರ್ಧ ಮನೆಗಾಗಿ ಹೋರಾಡಿದ್ದೇಕೆ ಎಂದು ಕೇಳುವವರಿದ್ದಾರೆ. ಪಾಲಿನ ಜಗಳಗಳು ಮಠಗಳ ಬಾಗಿಲಿಗೂ ಬರುತ್ತವೆ. ಕೇಳಿ ಕೇಳಿ ನಮಗೆ ತಿಳಿದದ್ದೆಂದರೆ, ಹೆಚ್ಚಿನವರು ಕೇಳುವುದು ಗೋಡೆಯನ್ನಲ್ಲ, ತಾನೂ ಈ ಮನೆಯ ಮಗನೆಂಬ ಮಾತನ್ನು. 1813ರಲ್ಲಿ ಊರಿನ ಮ್ಯೊಸೆಂಜಿ ದೇವಾಲಯದ ಗುರು ನಡುವೆ ಕುಳಿತು ರಾಜಿ ಮಾಡಿಸಿದ. ಇದ್ದ ಒಂದೇ ಮನೆಯನ್ನು ಎರಡು ಮಾಡಿದರು. ಒಂದು ಭಾಗದಲ್ಲಿ ಇಸ್ಸ, ಇನ್ನೊಂದರಲ್ಲಿ ಮಲತಮ್ಮನ ಸಂಸಾರ.

ಈ ವ್ಯಾಜ್ಯದ ಬಿಸಿಯಲ್ಲಿಯೇ, 1810ರಲ್ಲಿ, ಅವನು ಏಳನೆಯ ದಿನಚರಿ ಎಂದು ಹೆಸರಾದ ಪುಸ್ತಕ ತೆರೆದ. 1818ರ ತನಕ ಅದು ನಡೆಯಿತು. ದಿನ, ಹವೆ, ಬಿಸಿಲೋ ಮಳೆಯೋ ಹಿಮವೋ, ಎಲ್ಲಿ ತಂಗಿದ, ಯಾರು ಬಂದರು, ಊರಲ್ಲಿ ಏನಾಯಿತು, ಜೊತೆಗೆ ಪದ್ಯ. ಆ ಒಂಬತ್ತು ವರ್ಷಗಳಲ್ಲಿ ಏಳು ಸಾವಿರಕ್ಕೂ ಮಿಕ್ಕ ಪದ್ಯಗಳು. ಸರಾಸರಿ ದಿನಕ್ಕೆ ಎರಡರ ಮೇಲಾಯಿತು. ಜೀವಮಾನದಲ್ಲಿ ಬರೆದದ್ದು ಸುಮಾರು ಇಪ್ಪತ್ತು ಸಾವಿರ. ಆ ಪರಂಪರೆಯ ಹಿರಿಯ ಗುರು ಬಾಶೋ ಬಿಟ್ಟುಹೋದದ್ದು ಒಂದು ಸಾವಿರದಷ್ಟು. ಇಸ್ಸನ ಪದ್ಯಗಳಲ್ಲಿ ಎಷ್ಟೋ ಸಪ್ಪೆ, ಎಷ್ಟೋ ಒಂದೇ ಪದ್ಯದ ಬೇರೆ ಬೇರೆ ರೂಪ ಎನ್ನುತ್ತಾರೆ ಪಂಡಿತರು. ಇರಲಿ. ನಿತ್ಯ ಹಚ್ಚುವ ದೀಪವೆಲ್ಲ ಕಾರ್ತಿಕದ ದೀಪೋತ್ಸವದಂತೆ ಬೆಳಗಬೇಕೆ?

ಅವನ ಕಣ್ಣಿಗೆ ಬಿದ್ದದ್ದಾದರೂ ಯಾವುದು? ಬಡಕಲು ಕಪ್ಪೆ, ಗುಬ್ಬಿಮರಿ, ಬಸವನಹುಳು, ನೊಣ, ಚಿಗಟ. ದೊಡ್ಡವರು ಹಾಡುವ ಹೂವು ಚಂದ್ರರಿಗಿಂತ ಇವೇ ಅವನಿಗೆ ಹೆಚ್ಚು ಹತ್ತಿರ. ತಾಯಿಯಿಲ್ಲದೆ ಬೆಳೆದವನಿಗೆ ಗೂಡಿನಿಂದ ಬಿದ್ದ ಮರಿಯ ಸಂಕಟ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1814ರಲ್ಲಿ, ಐವತ್ತು ತುಂಬಿದ ಮೇಲೆ, ಕಿಕು ಎಂಬ ಹೆಣ್ಣುಮಗಳೊಡನೆ ಅವನ ಮೊದಲ ಮದುವೆಯಾಯಿತು. ಅವಳಿನ್ನೂ ಮೂವತ್ತರೊಳಗಿನವಳು, ಹೊಲಮನೆ ಎರಡರಲ್ಲೂ ದುಡಿಯುವವಳು. ಆಚೆ ಭಾಗದ ಅತ್ತೆಯ ಮನೆಗೂ ಕೈಗೂಡಿಸುತ್ತಿದ್ದಳು. 1816ರಲ್ಲಿ ಗಂಡುಮಗು ಹುಟ್ಟಿ ತಿಂಗಳೊಳಗೆ ತೀರಿತು. 1818ರಲ್ಲಿ ಸಾತೊ ಎಂಬ ಹೆಣ್ಣುಮಗು. ಬುದ್ಧಿವಂತೆಯಾಗಲಿ ಎಂದು ಇಟ್ಟ ಹೆಸರದು. ಮರುವರ್ಷ ಅವನು ಬರೆದ ‘ಒರಗ ಹರು’, ಅಂದರೆ ‘ನನ್ನ ವಸಂತ’ ಎಂಬ ಕೃತಿಯಲ್ಲಿ ಈ ಮಗು ಓಡಾಡಿಕೊಂಡಿದೆ. ಗಾಳಿಗೆ ತಿರುಗುವ ಗಿರಗಿಟ್ಲೆಗಾಗಿ ಹಟ ಮಾಡುತ್ತದೆ. ಕೊಟ್ಟರೆ ಬಾಯಿಗಿಟ್ಟು, ಎಸೆದು, ಬಾಗಿಲಿನ ಕಾಗದ ಹರಿಯಲು ಹೋಗುತ್ತದೆ. ಮನೆಯಲ್ಲಿ ಬುದ್ಧನ ಮುಂದೆ ದೀಪ ಹಚ್ಚಿ ಗಂಟೆ ಬಾರಿಸಿದರೆ, ಎಲ್ಲಿದ್ದರೂ ಅಂಬೆಗಾಲಿಟ್ಟು ಬಂದು ಪುಟ್ಟ ಕೈ ಜೋಡಿಸುತ್ತದೆ. ಹಾಗೆ ಕೈ ಜೋಡಿಸಿದ ಮಗುವಿಗೆ 1819ರ ಬೇಸಿಗೆಯಲ್ಲಿ ಸಿಡುಬು ಎದ್ದಿತು. ಹುಣ್ಣು ಮಾಗಿ ಹೊಪ್ಪಳೆ ಬೀಳತೊಡಗಿದಾಗ ಮನೆಯವರೆಲ್ಲ ಬದುಕಿತೆಂದು ಹಿಗ್ಗಿದರು. ಆದರೆ ದಿನದಿನಕ್ಕೆ ಬಲಗುಂದಿ, ಆರನೆಯ ಮಾಸದಲ್ಲಿ ತೀರಿಹೋಯಿತು.

ಬಾಳು ಇಬ್ಬನಿಯಂತೆ ಎಂಬುದು ಬುದ್ಧನ ಮಾರ್ಗದವರೆಲ್ಲ ಬಲ್ಲ ಉಪದೇಶ. ಇಸ್ಸ ಅದನ್ನು ಸಾವಿರ ಸಲ ಕೇಳಿದವನು, ತಾನೂ ಹೇಳಿದವನು. ಮಗುವಿನ ಸಾವಿನ ಮೇಲೆ ಅವನು ಬರೆದ ಪದ್ಯ ಆ ದೇಶದಲ್ಲಿ ಓದು ಬಲ್ಲವರಿಗೆಲ್ಲ ಗೊತ್ತು. ಅದರಲ್ಲಿ ಅವನು ಉಪದೇಶವನ್ನು ಅಲ್ಲಗಳೆಯಲಿಲ್ಲ. ಅದರಿಂದ ಸಮಾಧಾನವಾಯಿತೆಂದೂ ಬರೆಯಲಿಲ್ಲ. ಬುದ್ಧಿ ಒಪ್ಪಿತು, ಹೆತ್ತ ಕರುಳು ಒಪ್ಪಲಿಲ್ಲ. ಪದ್ಯ ಅಲ್ಲಿಗೇ ನಿಂತಿತು. ನಮ್ಮಂಥ ಉಪದೇಶಕರು ಇಂಥ ಮನೆಗಳಿಗೆ ಹೋಗಿ ಶಾಸ್ತ್ರದ ಮಾತು ಹೇಳಿ ಎದ್ದು ಬರುತ್ತೇವೆ. ಆ ಮೇಲಿನ ರಾತ್ರಿ ಮನೆಯವರದು. ಇಸ್ಸನ ಪದ್ಯ ಆ ರಾತ್ರಿಗೆ ಸೇರಿದ್ದು.

ಅವನ ನೇಮ ದುಃಖವನ್ನು ಕರಗಿಸಲಿಲ್ಲ, ಮುಂದೆ ಬಂದದ್ದನ್ನು ತಡೆಯಲೂ ಇಲ್ಲ. 1820ರಲ್ಲಿ ಮತ್ತೊಬ್ಬ ಮಗ ಹುಟ್ಟಿದ. ಕಲ್ಲಿನಂತೆ ಗಟ್ಟಿಯಾಗಿರಲೆಂದು ಇಶಿತಾರೊ ಎಂದು ಕರೆದರು. ಮರುವರ್ಷದ ಮೊದಲ ತಿಂಗಳಲ್ಲಿ ತಾಯಿಯ ಬೆನ್ನಿಗೆ ಕಟ್ಟಿದ್ದ ಜೋಳಿಗೆಯಲ್ಲಿಯೇ ಉಸಿರುಗಟ್ಟಿ ಹೋದ. ಆ ಎರಡರ ನಡುವೆ ಇಸ್ಸನಿಗೆ ಹಿಮದ ದಾರಿಯಲ್ಲಿ ಪಾರ್ಶ್ವವಾಯು ಬಡಿದು, ಹೇಗೋ ಚೇತರಿಸಿಕೊಂಡ. 1823ರಲ್ಲಿ ಕಿಕು ತೀರಿಕೊಂಡಳು. ಅದೇ ವರ್ಷದ ಕೊನೆಗೆ ಮೂರನೆಯ ಗಂಡುಮಗುವೂ ಹೋಯಿತು. ಮರುವರ್ಷ ಆದ ಎರಡನೆಯ ಮದುವೆ ಕೆಲವೇ ತಿಂಗಳಲ್ಲಿ ಮುರಿಯಿತು. ಇಷ್ಟಾದರೂ ಕಪ್ಪೆ ವಟಗುಟ್ಟಿದ ದಿನ ಕಪ್ಪೆ ಅವನ ಪುಸ್ತಕಕ್ಕೆ ಬಂದಿತು, ಹಿಮ ಕರಗಿದ ದಿನ ಮಕ್ಕಳು ಬೀದಿಗೆ ಬಂದದ್ದೂ ಬಂದಿತು. ತನ್ನ ಅಂಗಳ ಬರಿದಾದವನು ಊರ ಮಕ್ಕಳ ನಲಿವನ್ನು ಕಿಸುರಿಲ್ಲದೆ ಬರೆದಿಟ್ಟ. ನಾವು ಅವನ ನೇಮಕ್ಕೆ ಬೆಲೆ ಕಟ್ಟುವುದು ಇದರಿಂದ, ಸಾವಿರಗಳ ಲೆಕ್ಕದಿಂದಲ್ಲ.

1826ರಲ್ಲಿ ಯಾವೊ ಎಂಬುವಳನ್ನು ಮದುವೆಯಾದ. 1827ರ ಬೇಸಿಗೆಯಲ್ಲಿ ಕಾಶಿವಬರಕ್ಕೆ ಬೆಂಕಿ ಬಿದ್ದು ಊರಿನ ಹೆಚ್ಚು ಪಾಲು ಸುಟ್ಟಿತು. ಹನ್ನೆರಡು ವರ್ಷ ಹೋರಾಡಿ ಪಡೆದ ಅರ್ಧ ಮನೆ ಬೂದಿಯಾಯಿತು. ಉಳಿದದ್ದು ಹಿಂದಿನ ಮಣ್ಣುಗೋಡೆಯ ಉಗ್ರಾಣ. ಕಿಟಕಿಯೆಂದರೆ ಹೆಸರಿಗೆ, ಕೆಳಗೆ ಬರಿಯ ನೆಲ, ನಡುವೆ ಒಲೆ. ಅಲ್ಲಿಯೂ ಅವನು ಪದ್ಯ ಕಟ್ಟಿದ; ಶಿಷ್ಯರ ಮನೆಗಳಿಗೆ ಪಲ್ಲಕ್ಕಿಯಲ್ಲಿ ಹೋಗಿಬಂದ. ಆ ಚಳಿಗಾಲದಲ್ಲಿಯೇ ಪಾರ್ಶ್ವವಾಯು ಮರಳಿ ಬಂತು. ಈಗಿನ ಲೆಕ್ಕಕ್ಕೆ 1828ರ ಜನವರಿ 5ರಂದು ಆ ಉಗ್ರಾಣದಲ್ಲಿಯೇ ಕಣ್ಣು ಮುಚ್ಚಿದ.

ಮಗುವಿನ ಕಥೆಯಿರುವ ‘ಒರಗ ಹರು’ ಅಚ್ಚಾದದ್ದು 1852ರಲ್ಲಿ. ಉಗ್ರಾಣ ಇಂದಿಗೂ ನಾಗಾನೊ ಪ್ರಾಂತದಲ್ಲಿ ನಿಂತಿದೆ. 1957ರಲ್ಲಿ ಜಪಾನ್ ಸರಕಾರ ಅದನ್ನು ರಾಷ್ಟ್ರದ ಐತಿಹಾಸಿಕ ಸ್ಥಳವೆಂದು ಸಾರಿತು. ಇಸ್ಸ ತೀರಿಕೊಂಡಾಗ ಯಾವೊ ಗರ್ಭಿಣಿ. ಮುಂದಿನ ವಸಂತದಲ್ಲಿ ಹೆಣ್ಣುಮಗು ಹುಟ್ಟಿತು, ಯತ ಎಂದು ಹೆಸರಿಟ್ಟರು. ಇಸ್ಸನ ಮಕ್ಕಳಲ್ಲಿ ಬದುಕಿ ಬೆಳೆದು ಮನೆತನ ನಡೆಸಿದವಳು ಅವಳೊಬ್ಬಳೇ.