ಶರಣ ಹರಳಯ್ಯನವರು ಮತ್ತು ನಮ್ಮ ಹೊಸ್ತಿಲು

12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಾಳಿದ ಹರಳಯ್ಯನವರು ಪಾದರಕ್ಷೆ ಮಾಡುವ ಕಾಯಕದ ಶರಣರು. ಪತ್ನಿ ಕಲ್ಯಾಣಮ್ಮನವರೊಡನೆ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿ ಒಪ್ಪಿಸಿದರೆಂದು ಶರಣ ಪರಂಪರೆ ಹೇಳುತ್ತದೆ. ಅನುಭವ ಮಂಟಪದಲ್ಲಿ ಅವರು ಎಲ್ಲರ ಸಮ ಕುಳಿತುದನ್ನು ಊರು ಹೇಗೋ ಸಹಿಸಿತು. ಆದರೆ ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸರು ಹರಳಯ್ಯನವರ ಮಗ ಶೀಲವಂತನಿಗೆ ಮಗಳನ್ನು ಕೊಟ್ಟಾಗ ಸಹಿಸಲಿಲ್ಲ. ದೊರೆ ಬಿಜ್ಜಳನು ಬೀಗರಿಬ್ಬರಿಗೂ ಎಳೆಹೂಟೆ ಶಿಕ್ಷೆ ವಿಧಿಸಿದನು. ಕಲ್ಯಾಣವೇ ಹೊತ್ತಿ ಉರಿಯಿತು.

ಜಾತಿ ಮತಗಳ ದ್ವೇಷ ಇಂದಿಗೂ ಏಕೆ ಅಳಿದಿಲ್ಲ? ಬಾಯಲ್ಲಿರುವ ಸಮತೆಯಿಂದ ಯಾರಿಗೂ ನಷ್ಟವಿಲ್ಲ; ಹೊಸ್ತಿಲಿಗೆ ಬಂದಾಗಲೇ ಅದರ ಪರೀಕ್ಷೆ. ಚಿಮ್ಮನಚೋಡದ ನಾವೂ ಬಸವಕಲ್ಯಾಣದ ಹರಳಯ್ಯನವರ ಗವಿಗೆ ಕೈಮುಗಿಯುತ್ತೇವೆ. ಅವರ ಕುಲದವರು ಮನೆಗೆ ಬಂದರೆ ಕಟ್ಟೆಯ ಮೇಲೆಯೇ ಕೂಡಿಸುತ್ತೇವೆ. ಇಂದಿನ ದಾಸೋಹದಲ್ಲಿ ಅವರ ಮಗ್ಗುಲಲ್ಲೇ ಕುಳಿತು ಉಣ್ಣೋಣ.