ನೀರನ್ನು ದುಡಿಮೆಗೆ ಹಚ್ಚಿದ ಜೋಸೆಫ್ ಬ್ರಾಮಾ

ಎರಡು ಸಿರಿಂಜ್, ಒಂದು ಪ್ಲಾಸ್ಟಿಕ್ ಕೊಳವೆ, ಒಂದಿಷ್ಟು ಬಣ್ಣದ ನೀರು. ಶಾಲಾ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೈಡ್ರಾಲಿಕ್ ಮಾದರಿ ತಯಾರಿಸಲು ಇಷ್ಟು ಸಾಕು. ಸಣ್ಣ ಸಿರಿಂಜನ್ನು ಒತ್ತಿದರೆ ದೊಡ್ಡದು ಭಾರವನ್ನು ಮೇಲೆತ್ತುತ್ತದೆ. ದೊಡ್ಡದರ ವ್ಯಾಸ ಎರಡು ಪಟ್ಟು ಇದ್ದರೆ ಬಲ ನಾಲ್ಕು ಪಟ್ಟಾಗುತ್ತದೆ. ಆದರೆ 4 ಸೆಂಟಿಮೀಟರ್ ಒತ್ತಿದಾಗ ಭಾರ ಏರುವುದು 1 ಸೆಂಟಿಮೀಟರ್ ಮಾತ್ರ. ಕೊಳವೆಯೊಳಗೆ ಗಾಳಿಗುಳ್ಳೆ ಉಳಿದರೆ ಒತ್ತಿದ ದೂರದಲ್ಲಿ ಒಂದಷ್ಟು ಗಾಳಿಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ. ಹೀಗಾಗಿ ನೀರಿನಲ್ಲಿ ಮುಳುಗಿಸಿಯೇ ತುಂಬುವುದು ಕ್ಷೇಮ. ಇನ್ನು ಸಿರಿಂಜ್ ಸೋರಿದರಂತೂ ಪ್ರಯೋಗ ಅಲ್ಲಿಗೇ ಮುಗಿಯಿತು.

ಈ ಸೋರಿಕೆಯೇ ಎರಡು ಶತಮಾನಗಳ ಹಿಂದೆ ಇಂಗ್ಲೆಂಡಿನ ಪ್ರತಿಭಾವಂತ ಯಂತ್ರಶಿಲ್ಪಿಯೊಬ್ಬನನ್ನು ಕಂಗೆಡಿಸಿತ್ತು. ಆತನೇ ಜೋಸೆಫ್ ಬ್ರಾಮಾ.

1748ರಲ್ಲಿ ಯಾರ್ಕ್‌ಷೈರ್ ಪ್ರಾಂತ್ಯದ ಬಾರ್ನ್ಸ್ಲಿ ಸಮೀಪದ ಸ್ಟೇನ್‌ಬರೋದಲ್ಲಿ ರೈತ ಕುಟುಂಬವೊಂದರಲ್ಲಿ ಬ್ರಾಮಾ ಜನಿಸಿದ. ಹರೆಯದಲ್ಲಿ ಕಾಲಿಗಾದ ಪೆಟ್ಟು ಹೊಲದ ದುಡಿಮೆಯನ್ನು ತಪ್ಪಿಸಿ ಆತನನ್ನು ಬಡಗಿಯ ಬಳಿಗೆ ಕಳುಹಿಸಿತು. ಲಂಡನ್ ಸೇರಿ ಶ್ರೀಮಂತರ ಮನೆಗಳಲ್ಲಿ ಶೌಚಾಲಯ ಅಳವಡಿಸುತ್ತಿದ್ದ ಆತ, ಅದರಲ್ಲಿನ ದೋಷಗಳನ್ನು ತಿದ್ದಿ 1778ರಲ್ಲಿ ಪೇಟೆಂಟ್ ಪಡೆದ. 1784ರಲ್ಲಿ ಬೀಗಕ್ಕೆ ಪೇಟೆಂಟ್ ದೊರೆಯಿತು. ಕೀಲಿಯಿಲ್ಲದೆ ಇದನ್ನು ತೆರೆದವರಿಗೆ 200 ಗಿನಿ ಬಹುಮಾನವೆಂಬ ಸವಾಲಿನೊಂದಿಗೆ ಬೀಗವೊಂದು ಪಿಕಡಿಲಿಯ ಆತನ ಅಂಗಡಿಯ ಕಿಟಕಿಯಲ್ಲಿ ಕುಳಿತಿತ್ತು.

ದ್ರವದ ಮೇಲೆ ಹಾಕಿದ ಒತ್ತಡ ಎಲ್ಲೆಡೆ ಸಮನಾಗಿ ಹರಡುತ್ತದೆಂಬ ತತ್ವವನ್ನು ಫ್ರಾನ್ಸಿನ ಪಾಸ್ಕಲ್ ಅದಾಗಲೇ ತಿಳಿಸಿದ್ದ. ಅದನ್ನು ದುಡಿಯುವ ಯಂತ್ರವನ್ನಾಗಿಸಲು ಹೊರಟ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ. ತೊಡಕು ಎದುರಾದದ್ದು ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಸಂದಿಯಲ್ಲಿ. ಸಡಿಲ ಬಿಟ್ಟರೆ ನೀರು ಚಿಮ್ಮುತ್ತಿತ್ತು. ಬಿಗಿಯಾಗಿ ತುರುಕಿದರೆ ಮೇಲೇರಿದ ಪಿಸ್ಟನ್ ಕೆಳಗಿಳಿಯುತ್ತಲೇ ಇರಲಿಲ್ಲ.

ಪರಿಹಾರ ಬಂದದ್ದು ಆತನ ಕಾರ್ಯಾಗಾರದ ಕೆಲಸಗಾರನಿಂದ. 1789ರಲ್ಲಿ, ಹದಿನೆಂಟರ ಹರೆಯದಲ್ಲಿ ಕೆಲಸಕ್ಕೆ ಸೇರಿದ್ದ ಹೆನ್ರಿ ಮಾಡ್ಸ್ಲೆ ಚರ್ಮದ ಬಳೆಯೊಂದನ್ನು ಅಂಚು ಬಾಗಿಸಿ ಸಂದಿಯಲ್ಲಿ ಕೂರಿಸಿದನೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ನೀರಿನ ಒತ್ತಡ ಏರಿದಷ್ಟೂ ಚರ್ಮ ಅರಳಿ ಪಿಸ್ಟನ್ನಿಗೆ ಅಂಟಿಕೊಳ್ಳುತ್ತಿತ್ತು. ಒತ್ತಡ ಇಳಿದೊಡನೆ ತಾನೇ ಸಡಿಲವಾಗುತ್ತಿತ್ತು. ಸೋರಿಸಲು ಹೊರಟ ನೀರಿನಿಂದಲೇ ಸೋರಿಕೆಯನ್ನು ತಡೆಸಿದ ಜಾಣ್ಮೆ ಇದು. ಸಿರಿಂಜಿನ ತುದಿಯಲ್ಲಿರುವ ರಬ್ಬರ್ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸವನ್ನು.

ಮಾಡ್ಸ್ಲೆಗೆ ಸಿಗುತ್ತಿದ್ದದ್ದು ವಾರಕ್ಕೆ 30 ಶಿಲಿಂಗ್. ಸಂಸಾರ ಬೆಳೆದಾಗ ಆತ ಸಂಬಳ ಏರಿಕೆ ಕೇಳಿದ. ಬ್ರಾಮಾ ನಿರಾಕರಿಸಿದ. 1797ರಲ್ಲಿ ಕೆಲಸ ಬಿಟ್ಟ ಮಾಡ್ಸ್ಲೆ ಸ್ವಂತ ಕಾರ್ಯಾಗಾರ ತೆರೆದು ಇಂಗ್ಲೆಂಡಿನ ಯಂತ್ರೋದ್ಯಮದ ಹಿರಿಯರಲ್ಲಿ ಒಬ್ಬನಾದ. ಕೆಲವೇ ಶಿಲಿಂಗ್‌ಗಾಗಿ ಅಂಥ ಕೈಯನ್ನು ಕಳೆದುಕೊಂಡದ್ದು ಬ್ರಾಮಾನ ಬದುಕಿನ ದೊಡ್ಡ ಲೆಕ್ಕತಪ್ಪು.

ಆದರೂ ಆತನ ಉತ್ಸಾಹ ಕುಗ್ಗಲಿಲ್ಲ. ನೆಲಮಾಳಿಗೆಯಿಂದ ಬಿಯರ್ ಮೇಲೆತ್ತುವ ಪಂಪ್, ಬ್ಯಾಂಕ್ ನೋಟುಗಳಿಗೆ ಸಂಖ್ಯೆ ಮುದ್ರಿಸುವ ಯಂತ್ರ ಒಂದರ ಹಿಂದೊಂದು ಬಂದವು. ಪ್ರೆಸ್ ಮಾತ್ರ ಆತನನ್ನೂ ಮೀರಿ ಬೆಳೆಯಿತು. ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುವ ಕೆಲಸ ಅದರ ಪಾಲಾಯಿತು. 1849ರಲ್ಲಿ ವೇಲ್ಸ್‌ನ ಬ್ರಿಟಾನಿಯಾ ರೈಲ್ವೆ ಸೇತುವೆಯ ಭಾರಿ ಕಬ್ಬಿಣದ ಕೊಳವೆಗಳನ್ನು ಮೇಲೆತ್ತಿದ್ದೂ ಹೈಡ್ರಾಲಿಕ್ ಪ್ರೆಸ್‌ಗಳೇ. ಅಂಗಡಿಯ ಬೀಗ ಅದಕ್ಕೆ ಎರಡು ವರ್ಷಗಳ ಬಳಿಕ, 1851ರಲ್ಲಿ, ಅಮೆರಿಕದ ಹಾಬ್ಸ್ ಎಂಬಾತನ ಕೈಯಲ್ಲಿ 51 ಗಂಟೆಗಳ ಶ್ರಮದ ನಂತರ ತೆರೆದುಕೊಂಡಿತು.

ಅದನ್ನು ನೋಡಲು ಬ್ರಾಮಾ ಇರಲಿಲ್ಲ. ಹೋಲ್ಟ್ ಅರಣ್ಯದಲ್ಲಿ ತನ್ನದೇ ಪ್ರೆಸ್‌ನಿಂದ ಮರಗಳನ್ನು ಬೇರುಸಹಿತ ಕೀಳಿಸುವ ಕೆಲಸದ ಮೇಲ್ವಿಚಾರಣೆಗೆ ನಿಂತಿದ್ದಾಗ ಆತನಿಗೆ ಶೀತ ತಗಲಿತು. ಅದು ಉಲ್ಬಣಿಸಿ, 1814ರ ಡಿಸೆಂಬರ್ 9ರಂದು ಆತ ಕೊನೆಯುಸಿರೆಳೆದ.